ಕೈ ಎಷ್ಟು, ಲೆಕ್ಕ ಎಷ್ಟು: ಆ್ಯಕ್ಷನ್ ಆರ್‌ಪಿಜಿ ಆಡಲು ಕಲಿಯುವ ದಾರಿ

ಎರಡು ಗೇಮ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂದರಲ್ಲಿ ನೀವು ಮೌಸ್ ಒತ್ತುತ್ತಾ ಹೋದಂತೆ ಅಸ್ಥಿಪಂಜರಗಳ ಇಡೀ ಗುಂಪೇ ಉದುರಿ ಬೀಳುತ್ತದೆ, ನೆಲದ ತುಂಬ ಬಣ್ಣಬಣ್ಣದ ಹೆಸರು ಹೊತ್ತ ಸಾಮಾನು ಚೆಲ್ಲಿರುತ್ತದೆ. ಇನ್ನೊಂದರಲ್ಲಿ ಕತ್ತಿ ಹಿಡಿದವನು ಒಬ್ಬನೇ ಒಬ್ಬ ಎದುರಿಗೆ ನಿಂತಿರುತ್ತಾನೆ, ಅವನ ಕೈಲಿ ನೀವು ಮೂವತ್ತು ಸಲ ಸಾಯುತ್ತೀರಿ. ಮೊದಲನೆಯದು ಡಯಾಬ್ಲೊ, ಎರಡನೆಯದು ಡಾರ್ಕ್ ಸೋಲ್ಸ್. ಎರಡಕ್ಕೂ ಹೆಸರು ಮಾತ್ರ ಒಂದೇ, ಆ್ಯಕ್ಷನ್ ಆರ್‌ಪಿಜಿ (ಆರ್‌ಪಿಜಿ ಅಂದರೆ ರೋಲ್ ಪ್ಲೇಯಿಂಗ್ ಗೇಮ್, ಒಂದು ಪಾತ್ರವನ್ನು ಬೆಳೆಸುತ್ತಾ ಆಡುವ ಆಟ). ಹೊಸದಾಗಿ ಬರುವವರಿಗೆ ತಲೆ ಕೆಡುವುದು ಇಲ್ಲೇ. ಒಂದರಲ್ಲಿ ಕಲಿತದ್ದನ್ನು ಇನ್ನೊಂದಕ್ಕೆ ಹಾಗೇ ತಗೊಂಡು ಹೋಗಿ ಪೆಟ್ಟು ತಿಂದು, "ಇದು ನನ್ನಿಂದ ಆಗೋದಲ್ಲ" ಅಂತ ಬಿಟ್ಟುಬಿಡುತ್ತಾರೆ.

ಬಿಡಬೇಡಿ. ಈ ಜಾತಿಯ ಎಲ್ಲಾ ಗೇಮ್‌ಗಳಲ್ಲೂ ಗೆಲುವು ಎರಡು ಕಡೆಯಿಂದ ಬರುತ್ತದೆ. ಒಂದು ನಿಮ್ಮ ಕೈ: ಬಟನ್ ಯಾವಾಗ ಒತ್ತಿದಿರಿ, ಎಲ್ಲಿ ನಿಂತಿರಿ, ಯಾವಾಗ ತಪ್ಪಿಸಿಕೊಂಡಿರಿ. ಇನ್ನೊಂದು ಲೆಕ್ಕ: ನಿಮ್ಮ ಪಾತ್ರದ ಲೆವೆಲ್, ಆಯುಧದ ಬಲ, ಹಾಕಿಕೊಂಡ ಸಾಮಾನು, ಆರಿಸಿಕೊಂಡ ಸ್ಕಿಲ್. ಯಾವುದಕ್ಕೆ ಎಷ್ಟು ಪಾಲು ಅನ್ನುವುದು ಒಂದೊಂದು ಗೇಮ್‌ನಲ್ಲಿ ಒಂದೊಂದು ಥರ. ಮುಂದೆ ಇರುವ ಗೇಮ್‌ನಲ್ಲಿ ಆ ಪಾಲು ಎಷ್ಟು ಅಂತ ಮೊದಲ ಒಂದೆರಡು ಗಂಟೆಯಲ್ಲೇ ಕಂಡುಕೊಂಡರೆ, ಸೋತಾಗ ಏನನ್ನು ಸರಿಮಾಡಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ.

ಹೆಜ್ಜೆ 1: ಈ ಬೆರಕೆ ಎಲ್ಲಿಂದ ಬಂತು, ಸ್ವಲ್ಪ ತಿಳಿದುಕೊಳ್ಳಿ

ಇತಿಹಾಸ ಯಾಕೆ ಅಂತ ಕೇಳಬಹುದು. ಇಂದಿನ ಗೇಮ್‌ಗಳ ವಿಚಿತ್ರ ನಿಯಮಗಳೆಲ್ಲ ಹಳೆಯ ಗೇಮ್‌ಗಳಿಂದ ಬಳುವಳಿಯಾಗಿ ಬಂದವು, ಅದಕ್ಕೆ.

ಬೇರು ಇರುವುದು 1974ರ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್‌ನಲ್ಲಿ. ಅದು ಕಂಪ್ಯೂಟರ್ ಗೇಮ್ ಅಲ್ಲ, ಮೇಜಿನ ಸುತ್ತ ಕೂತು ದಾಳ ಉರುಳಿಸಿ ಆಡುವ ಆಟ. ಕತ್ತಿ ಬೀಸಿದಿರಿ ಅನ್ನಿ, ಅದು ತಾಗಿತೋ ಇಲ್ಲವೋ ಅನ್ನುವುದನ್ನು ದಾಳ ಹೇಳುತ್ತದೆ. ಲೆವೆಲ್ಲು, ಶಕ್ತಿಯ ಅಂಕಿ, ಆರ್ಮರ್, ನೆಲಮಾಳಿಗೆಯ ಗುಹೆಗಳು ಎಲ್ಲಾ ಅಲ್ಲಿಂದಲೇ ಬಂದವು. ಕಂಪ್ಯೂಟರ್‌ಗೆ ಬಂದ ಮೇಲೂ ಬಹಳ ಕಾಲ ಆಟ ಸರದಿಯ ಮೇಲೇ ನಡೆಯಿತು. 1980ರ ರೋಗ್ ಗೇಮ್‌ನಲ್ಲಿ ನೀವು ಒಂದು ಹೆಜ್ಜೆ ಇಟ್ಟರೆ ರಾಕ್ಷಸ ಒಂದು ಹೆಜ್ಜೆ ಇಡುತ್ತಾನೆ. ನೀವು ಕೈ ಕಟ್ಟಿ ಕೂತರೆ ಅವನೂ ಕಾಯುತ್ತಾನೆ. ಪ್ರತಿ ಸಲ ಹೊಸ ಗುಹೆ, ಸತ್ತರೆ ಮೊದಲಿಂದ ಶುರು.

1984ರಲ್ಲಿ ಜಪಾನ್‌ನಲ್ಲಿ ಕೆಲವರು ಈ ಸರದಿಯನ್ನೇ ಕಿತ್ತುಹಾಕಿದರು. ನ್ಯಾಮ್ಕೊದ ಟವರ್ ಆಫ್ ಡ್ರುಆಗ, ಫಾಲ್ಕಾಮ್‌ನ ಡ್ರ್ಯಾಗನ್ ಸ್ಲೇಯರ್, ಟಿ ಆ್ಯಂಡ್ ಇ ಸಾಫ್ಟ್‌ನ ಹೈಡ್‌ಲೈಡ್, ಮೂರೂ ಅದೇ ವರ್ಷದವು. ಹೈಡ್‌ಲೈಡ್‌ನಲ್ಲಿ ಕತ್ತಿ ಬೀಸುವುದೇ ಇಲ್ಲ, ಶತ್ರುವಿಗೆ ಹೋಗಿ ಡಿಕ್ಕಿ ಹೊಡೆಯುವುದು. 1987ರಲ್ಲಿ ಫಾಲ್ಕಾಮ್ ತಂದ ಈಸ್ ಕೂಡ ಡಿಕ್ಕಿಯದೇ ಆಟ. ಆದರೆ ಅದರಲ್ಲೊಂದು ಸೊಗಸಾದ ನಿಯಮ ಇತ್ತು: ನೇರವಾಗಿ ಹೋಗಿ ಗುದ್ದಿದರೆ ಪೆಟ್ಟು ನಿಮಗೂ ಬೀಳುತ್ತದೆ, ಅರ್ಧ ಮೈ ಪಕ್ಕಕ್ಕೆ ಸರಿಸಿ ಗುದ್ದಿದರೆ ಶತ್ರುವಿಗೆ ಮಾತ್ರ. ಅಷ್ಟೇ. ಆ ಅರ್ಧ ಮೈ ಸರಿಯುವುದೇ ಕೈಯ ಪಾಲು, ಉಳಿದದ್ದು ಲೆವೆಲ್‌ನ ಪಾಲು. ಇಷ್ಟು ಚಿಕ್ಕ ಉಪಾಯದಲ್ಲಿ ಇಡೀ ಜಾತಿಯ ಗುಣ ಕಾಣುತ್ತದೆ ಅಲ್ವಾ?

1986ರ ದಿ ಲೆಜೆಂಡ್ ಆಫ್ ಜೆಲ್ಡಾ ಈ ಸಾಲಿಗೆ ಸೇರುತ್ತದೋ ಇಲ್ಲವೋ ಅಂತ ಜನ ಇಂದಿಗೂ ಜಗಳ ಆಡುತ್ತಾರೆ, ಯಾಕೆಂದರೆ ಅದರಲ್ಲಿ ಲೆವೆಲ್ ಏರುವುದೇ ಇಲ್ಲ. ನನ್ನ ಪ್ರಕಾರ ಅದು ಆರ್‌ಪಿಜಿ ಅಲ್ಲ, ಆದರೆ ಅದಿಲ್ಲದೆ ಈ ಗೇಮ್‌ಗಳಿಗೆ ಈ ರೂಪ ಬರುತ್ತಿರಲಿಲ್ಲ. 1993ರ ಸೀಕ್ರೆಟ್ ಆಫ್ ಮಾನಾದಲ್ಲಿ ಒಂದು ಪೆಟ್ಟು ಕೊಟ್ಟ ಮೇಲೆ ಶಕ್ತಿ ಮತ್ತೆ ನೂರಕ್ಕೆ ತುಂಬುವ ತನಕ ಕಾಯಬೇಕಿತ್ತು. ಸುಮ್ನೆ ಬಟನ್ ಜಜ್ಜಿದರೆ ಪೆಟ್ಟಿಗೆ ಬಲವೇ ಇರುತ್ತಿರಲಿಲ್ಲ. ಇಂದಿನ ಸ್ಟ್ಯಾಮಿನಾ (ಹೊಡೆಯಲು, ಉರುಳಲು ಖರ್ಚಾಗುವ ದಮ್ಮು) ಪಟ್ಟಿಗೆ ಇದನ್ನು ಹಿರಿಯಣ್ಣ ಅನ್ನಬಹುದು.

ಆಮೇಲೆ ಬಂದದ್ದು ಡಯಾಬ್ಲೊ. 1996ರ ಕೊನೆಯಲ್ಲಿ ಮುಗಿದು, 1997ರ ಶುರುವಿನಲ್ಲಿ ಜನರ ಕೈ ಸೇರಿತು. ಅದನ್ನು ಕಟ್ಟಿದ ಡೇವಿಡ್ ಬ್ರೆವಿಕ್ ಅದನ್ನು ರೋಗ್ ಥರದ ಸರದಿ ಆಟವಾಗಿಯೇ ಶುರುಮಾಡಿದ್ದು. ಸರದಿ ತೆಗೆಯಿರಿ ಅಂತ ಬ್ಲಿಜರ್ಡ್ ಕಡೆಯವರು ಒತ್ತಾಯಿಸಿದಾಗ ಅವರಿಗೆ ಮನಸ್ಸೇ ಇರಲಿಲ್ಲ. ಕೊನೆಗೆ ಕೂತು ಕೋಡ್ ಬದಲಾಯಿಸಿದರೆ ಕೆಲವೇ ಗಂಟೆಯ ಕೆಲಸ. ಅಸ್ಥಿಪಂಜರದ ಮೇಲೆ ಕ್ಲಿಕ್ ಮಾಡಿದರು, ವೀರ ನಡೆದು ಹೋಗಿ ಒಂದೇಟು ಹಾಕಿದ, ಎಲುಬು ಚೆಲ್ಲಾಪಿಲ್ಲಿಯಾಯಿತು. ಆ ಒಂದು ಕ್ಲಿಕ್‌ನಲ್ಲೇ ತನಗೆ ಗೇಮ್ ಸಿಕ್ಕಿತು ಅಂತ ಅವರೇ ಆಮೇಲೆ ಹೇಳಿಕೊಂಡಿದ್ದಾರೆ. ಗಮನಿಸಿ, ಸರದಿ ಹೋಯಿತು, ಆದರೆ ದಾಳ ಹೋಗಲಿಲ್ಲ. ನಿಮ್ಮ ಏಟು ತಾಗುವುದೋ ಇಲ್ಲವೋ ಅನ್ನುವುದನ್ನು ಒಳಗೆ ಕೂತ ದಾಳವೇ ತೀರ್ಮಾನಿಸುತ್ತಿತ್ತು.

ಇನ್ನೊಂದು ತುದಿ 2009ರ ಡೀಮನ್ಸ್ ಸೋಲ್ಸ್, 2011ರ ಡಾರ್ಕ್ ಸೋಲ್ಸ್. ಫ್ರಮ್‌ಸಾಫ್ಟ್‌ವೇರ್‌ನ ಹಿದೆತಾಕಾ ಮಿಯಾಜಾಕಿ ನಿರ್ದೇಶಿಸಿದವು. ಇಲ್ಲಿ ಕತ್ತಿ ಮೈಗೆ ತಾಗಿದರೆ ತಾಗಿತು, ಇಲ್ಲದಿದ್ದರೆ ಇಲ್ಲ, ಮಧ್ಯೆ ದಾಳ ಇಲ್ಲ. ಒಮ್ಮೆ ಬೀಸಲು ಶುರುಮಾಡಿದ ಮೇಲೆ ನಡುವೆ ಹಿಂತೆಗೆಯುವ ಹಾಗೂ ಇಲ್ಲ.

ಹೆಜ್ಜೆ 2: ನಿಮ್ಮ ಗೇಮ್ ಯಾವ ಕಡೆಯದು ಅಂತ ಪರೀಕ್ಷೆ ಮಾಡಿ

ತುಂಬ ಸುಲಭದ ಪರೀಕ್ಷೆ ಇದೆ. ಶುರುವಿನಲ್ಲೇ ಸಿಗುವ ಒಬ್ಬ ಸಣ್ಣ ಶತ್ರುವಿನ ಹತ್ತಿರ ಹೋಗಿ, ಅವನು ಬೀಸುವ ಪೆಟ್ಟಿನಿಂದ ಪಕ್ಕಕ್ಕೆ ಸರಿಯಿರಿ. ಕಣ್ಣಿಗೆ ಕಂಡ ಹಾಗೆ ಕತ್ತಿ ನಿಮ್ಮ ಪಕ್ಕದಲ್ಲಿ ಹೋಯಿತು, ಆದರೂ ಜೀವ ಕಮ್ಮಿಯಾಯಿತು ಅಂದರೆ ಲೆಕ್ಕದ ಪಾಲು ಜಾಸ್ತಿ. ಕಂಡದ್ದೇ ನಡೆದರೆ ಕೈಯ ಪಾಲು ಜಾಸ್ತಿ.

2002ರ ಮೊರೊವಿಂಡ್ ಆಡಿದವರಿಗೆ ಈ ನೋವು ಚೆನ್ನಾಗಿ ಗೊತ್ತು. ಎದುರಿಗಿರುವ ಹುಳುವಿನ ಮೈಯೊಳಗೆ ಕತ್ತಿ ಹಾದು ಹೋಗುವುದು ಕಣ್ಣಿಗೇ ಕಾಣುತ್ತದೆ, ಏನೂ ಆಗುವುದಿಲ್ಲ. ಪಾತ್ರದ ಕತ್ತಿ ವಿದ್ಯೆ ಕಡಿಮೆ ಇದೆ, ದಾಳ ಬೇಡ ಅಂದಿದೆ, ಅಷ್ಟೇ. ಅದೇ ಸರಣಿಯ 2006ರ ಆಬ್ಲಿವಿಯನ್ ಹೊತ್ತಿಗೆ ಇದನ್ನು ತೆಗೆದರು: ತಾಗಿದರೆ ತಾಗಿತು, ವಿದ್ಯೆಯ ಅಂಕಿ ಪೆಟ್ಟಿನ ಬಲವನ್ನು ಮಾತ್ರ ತೀರ್ಮಾನಿಸುತ್ತದೆ. ಒಂದೇ ಸರಣಿ, ನಾಲ್ಕೇ ವರ್ಷ, ಪಾಲು ಪೂರ್ತಿ ಬದಲು.

ಇನ್ನೊಂದು ಗುರುತು. ಡಾರ್ಕ್ ಸೋಲ್ಸ್ ಅನ್ನು ಒಂದೇ ಒಂದು ಲೆವೆಲ್ ಏರಿಸದೆ ಮುಗಿಸುವವರಿದ್ದಾರೆ, ಅಂದರೆ ಕೈ ಪಳಗಿದರೆ ಲೆವೆಲ್ ಬೇಕೇ ಇಲ್ಲ. 2019ರ ಸೆಕಿರೊದಲ್ಲಿ ಬಹುತೇಕ ಎಲ್ಲವೂ ಕೈಯೇ. ಮಾನ್‌ಸ್ಟರ್ ಹಂಟರ್ 2004ರಿಂದಲೂ ಪಾತ್ರಕ್ಕೆ ಬಲ ಕೊಡುವುದನ್ನು ಲೆವೆಲ್‌ಗೆ ಬಿಟ್ಟಿಲ್ಲ, ಬಲವೆಲ್ಲ ಬೇಟೆಯಿಂದ ಮಾಡಿಕೊಂಡ ಆಯುಧ, ಆರ್ಮರ್‌ನಲ್ಲಿ. ಆ ಕಡೆ ಡಯಾಬ್ಲೊ 2, ಪಾತ್ ಆಫ್ ಎಕ್ಸೈಲ್, ಗ್ರಿಮ್ ಡಾನ್‌ನಲ್ಲಿ ಲೆಕ್ಕ ತಪ್ಪಿದರೆ ಎಂಥ ಚುರುಕು ಕೈಯಾದರೂ ಕೊನೆಯ ಹಂತಗಳಲ್ಲಿ ಉಳಿಯುವುದು ಕಷ್ಟ.

ಮೊದಲ ಗೇಮ್ ಯಾವುದು ಅಂತ ಕೇಳಿದರೆ ನಾನು ಹೇಳುವುದು ಇಷ್ಟು. ನಿಧಾನವಾಗಿ ಕಲಿಯಬೇಕು ಅನ್ನುವವರಿಗೆ 2012ರ ಟಾರ್ಚ್‌ಲೈಟ್ 2 ಅಥವಾ ಡಯಾಬ್ಲೊ 3. ಕಥೆ ಬೇಕು ಅನ್ನುವವರಿಗೆ 2015ರ ವಿಚರ್ 3. ಅದರ ಹೋರಾಟ ಎರಡೂ ಕಡೆಗೆ ಮಧ್ಯದಲ್ಲಿದೆ. ಕೈ ಪಳಗಿಸಲು 2022ರ ಎಲ್ಡನ್ ರಿಂಗ್, ಯಾಕೆಂದರೆ ಒಂದು ಕಡೆ ಸಿಕ್ಕಿಹಾಕಿಕೊಂಡರೆ ಬೇರೆ ಕಡೆ ಹೋಗಲು ಅದರಲ್ಲಿ ಬೇಕಾದಷ್ಟು ಜಾಗ ಇದೆ. ಪಾತ್ ಆಫ್ ಎಕ್ಸೈಲ್ ದುಡ್ಡಿಲ್ಲದೆ ಸಿಗುತ್ತದೆ ಅಂತ ಅದರಿಂದಲೇ ಶುರುಮಾಡಬೇಡಿ. ಅದರ ಸ್ಕಿಲ್ ಮರದಲ್ಲಿ, ಅಂದರೆ ಪಾತ್ರಕ್ಕೆ ಬಲ ಆರಿಸಿಕೊಳ್ಳುವ ನಕ್ಷೆಯಲ್ಲಿ, 1,300ಕ್ಕೂ ಹೆಚ್ಚು ಚುಕ್ಕಿಗಳಿವೆ. ಅದ್ಭುತವಾದ ಗೇಮ್, ಆದರೆ ಎರಡನೆಯದ್ದಾಗಿ ಆಡಿ.

ಹೆಜ್ಜೆ 3: ಆಡುವ ಮೊದಲು ಹತ್ತು ನಿಮಿಷ ಸೆಟ್ಟಿಂಗ್ಸ್

ಟಿವಿಯಲ್ಲಿ ಆಡುವುದಾದರೆ ಅದರ ಗೇಮ್ ಮೋಡ್ ಹಾಕಿ, ಇಲ್ಲದಿದ್ದರೆ ಬಟನ್ ಒತ್ತಿದ್ದಕ್ಕೂ ಪರದೆಯಲ್ಲಿ ಕಾಣುವುದಕ್ಕೂ ನಡುವೆ ತಡವಾಗುತ್ತದೆ. ಚಂದದ ಚಿತ್ರ ಬೇಕೋ, ಸರಾಗ ಓಟ ಬೇಕೋ ಅಂತ ಗೇಮ್ ಕೇಳಿದರೆ ಓಟವನ್ನೇ ಆರಿಸಿ. ಸೆಕೆಂಡಿಗೆ 30 ಚಿತ್ರ ಬಂದರೆ ಒಂದೊಂದು ಚಿತ್ರಕ್ಕೆ ಸುಮಾರು 33 ಮಿಲಿಸೆಕೆಂಡ್, 60 ಬಂದರೆ ಸುಮಾರು 17. ತಪ್ಪಿಸಿಕೊಳ್ಳಲು ಸಿಗುವ ಸಮಯವೇ ಅರ್ಧ ಸೆಕೆಂಡಿಗೂ ಕಡಿಮೆ ಇರುವಾಗ ಇದು ಸಣ್ಣ ವಿಷಯ ಅಲ್ಲ. ಸದ್ದು ಆನ್ ಇರಲಿ. ಹಿಂದಿನಿಂದ ಬರುವವನು ಕಣ್ಣಿಗೆ ಕಾಣುವ ಮೊದಲು ಕಿವಿಗೆ ಬೀಳುತ್ತಾನೆ.

ಹೆಜ್ಜೆ 4: ಕೈ ಪಳಗಿಸುವುದು

ಇದಕ್ಕೆ ಸಮಯ ಕೊಡಿ. ಶತ್ರುವಿನ ಪ್ರತಿ ಪೆಟ್ಟಿನಲ್ಲೂ ಮೂರು ಭಾಗ ಇರುತ್ತದೆ. ಮೊದಲು ಕೈ ಎತ್ತುತ್ತಾನೆ, ಆಮೇಲೆ ಪೆಟ್ಟು ಇಳಿಯುತ್ತದೆ, ಕೊನೆಗೆ ಅವನು ಮತ್ತೆ ಸರಿಯಾಗಿ ನಿಲ್ಲಲು ಒಂದು ಕ್ಷಣ ಬೇಕು. ಕೈ ಎತ್ತಿದಾಗ ನೋಡಿ, ಇಳಿದಾಗ ತಪ್ಪಿಸಿಕೊಳ್ಳಿ, ಅವನು ಸಾವರಿಸಿಕೊಳ್ಳುವಾಗ ಹೊಡೆಯಿರಿ. ಹೊಸಬರು ಮಾಡುವ ದೊಡ್ಡ ತಪ್ಪು ಅಂದರೆ ಕೈ ಎತ್ತಿದ ತಕ್ಷಣ ಗಾಬರಿಯಾಗಿ ಉರುಳುವುದು. ಉರುಳಿ ಎದ್ದು ನಿಲ್ಲುವ ಹೊತ್ತಿಗೆ ಸರಿಯಾಗಿ ಪೆಟ್ಟು ಬೀಳುತ್ತದೆ.

ಎಲ್ಡನ್ ರಿಂಗ್‌ನ ಬಾಸ್ (ಅಂದರೆ ದಾರಿಗೆ ಅಡ್ಡ ನಿಂತ ದೊಡ್ಡ ಶತ್ರು) ಮಾರ್ಗಿಟ್ ಈ ಪಾಠ ಹೇಳಿಕೊಡುವುದಕ್ಕೇ ನಿಂತ ಹಾಗಿದ್ದಾನೆ. ಸ್ಟಾರ್ಮ್‌ವೇಲ್ ಕೋಟೆಯ ಬಾಗಿಲ ಬಳಿ ಸಿಗುವವನು. ಕೋಲು ಎತ್ತುತ್ತಾನೆ, ಎತ್ತಿದವನು ಇಳಿಸುವುದೇ ಇಲ್ಲ. ನೀವು ಉರುಳುತ್ತೀರಿ. ಆಮೇಲೆ ಇಳಿಸುತ್ತಾನೆ. ನಾನು ಎರಡು ಸಂಜೆ ಅವನ ಹತ್ತಿರ ಬರೀ ಸತ್ತಿದ್ದೇನೆ. ಮೂರನೆಯ ಸಂಜೆ ಒಂದು ತೀರ್ಮಾನ ಮಾಡಿದೆ: ಒಂದು ನಿಮಿಷ ಒಂದೂ ಪೆಟ್ಟು ಕೊಡುವುದಿಲ್ಲ, ಬರೀ ತಪ್ಪಿಸಿಕೊಳ್ಳುತ್ತೇನೆ. ಕೋಲನ್ನು ನೋಡುವುದು ಬಿಟ್ಟು ಅವನ ಭುಜವನ್ನು ನೋಡಿದೆ. ಭುಜ ಮುಂದಕ್ಕೆ ಬಂದಾಗ ಮಾತ್ರ ಬಟನ್ ಒತ್ತಿದೆ. ನಾಲ್ಕೈದು ಪ್ರಯತ್ನದಲ್ಲಿ ಅವನ ಲಯ ಕೈಗೆ ಹತ್ತಿತು. ಆ ಖುಷಿ ಇನ್ನೂ ನೆನಪಿದೆ. ನೀವೂ ಪ್ರತಿ ಹೊಸ ಬಾಸ್ ಜೊತೆ ಈ "ಹೊಡೆಯದ ನಿಮಿಷ" ಮಾಡಿ ನೋಡಿ, ನಿಜವಾಗಿಯೂ ಕೆಲಸ ಮಾಡುತ್ತದೆ.

ಉರುಳುವಾಗ ಇನ್ನೊಂದು ಗುಟ್ಟು ಇದೆ. ರೋಲ್‌ನ ಶುರುವಿನ ಕೆಲವು ಚಿತ್ರಗಳಲ್ಲಿ ನಿಮಗೆ ಪೆಟ್ಟೇ ತಾಗುವುದಿಲ್ಲ, ಕತ್ತಿ ಮೈಮೇಲೆ ಹಾದು ಹೋದರೂ. ಹಾಗಾಗಿ ಎಷ್ಟೋ ಸಲ ಹಿಂದಕ್ಕೆ ಓಡುವುದಕ್ಕಿಂತ ಪೆಟ್ಟಿನ ಒಳಗೇ, ಶತ್ರುವಿನ ಕಡೆಗೇ ಉರುಳುವುದು ಒಳ್ಳೆಯದು. ಎದ್ದಾಗ ಅವನ ಬೆನ್ನ ಹಿಂದೆ ಇರುತ್ತೀರಿ. ಆದರೆ ಮೈಮೇಲೆ ಭಾರ ಜಾಸ್ತಿಯಾದರೆ ಇದೆಲ್ಲ ಕೈಕೊಡುತ್ತದೆ. ಎಲ್ಡನ್ ರಿಂಗ್‌ನಲ್ಲಿ ಹೊರಬಲ್ಲ ಭಾರದ 70 ಪರ್ಸೆಂಟ್ ದಾಟಿದರೆ ನಿಮ್ಮ ವೀರ ಮೂಟೆಯ ಹಾಗೆ ದೊಪ್ಪನೆ ಬೀಳುತ್ತಾನೆ. ಅದರ ಕೆಳಗೆ ಇರಿ. ಚಂದ ಕಾಣುವ ಆರ್ಮರ್ ತೆಗೆಯಲು ಬೇಜಾರಾಗುತ್ತದೆ, ಗೊತ್ತು. ತೆಗೆಯಿರಿ.

ಸ್ಟ್ಯಾಮಿನಾವನ್ನು ಯಾವತ್ತೂ ಪೂರ್ತಿ ಖಾಲಿ ಮಾಡಬೇಡಿ. ಮೂರು ಪೆಟ್ಟು ಕೊಡುವಷ್ಟು ಇದ್ದರೆ ಎರಡು ಕೊಟ್ಟು ನಿಲ್ಲಿಸಿ, ಉಳಿದದ್ದು ತಪ್ಪಿಸಿಕೊಳ್ಳಲು. "ಇನ್ನೊಂದೇ ಒಂದು" ಅಂತ ಆಸೆಪಟ್ಟ ಪೆಟ್ಟೇ ಜನರನ್ನು ಸಾಯಿಸುವುದು.

ಹೆಜ್ಜೆ 5: ಲೆಕ್ಕ ಕಲಿಯುವುದು

ಗಣಿತಕ್ಕೆ ಹೆದರಬೇಡಿ, ಕೂಡಿಸುವುದು ಗುಣಿಸುವುದು ಬಂದರೆ ಸಾಕು. ಮೂರು ವಿಷಯ ತಿಳಿದರೆ ಅರ್ಧಕ್ಕರ್ಧ ದಾರಿ ಸಾಗಿದ ಹಾಗೆ.

ಮೊದಲನೆಯದು ರೆಸಿಸ್ಟೆನ್ಸ್, ಅಂದರೆ ಬೆಂಕಿ, ಚಳಿ, ಮಿಂಚು ಇವುಗಳಿಂದ ಬರುವ ಪೆಟ್ಟನ್ನು ಎಷ್ಟು ತಡೆಯುತ್ತೀರಿ ಅನ್ನುವುದು. ಡಯಾಬ್ಲೊ 2ರಲ್ಲೂ ಪಾತ್ ಆಫ್ ಎಕ್ಸೈಲ್‌ನಲ್ಲೂ ಇದಕ್ಕೆ ಸಾಮಾನ್ಯ ಮಿತಿ 75 ಪರ್ಸೆಂಟ್. 100 ಅಂಕಿಯ ಬೆಂಕಿ ಬಂತು ಅನ್ನಿ. 50 ಪರ್ಸೆಂಟ್ ಇದ್ದರೆ 50 ತಿನ್ನುತ್ತೀರಿ, 75 ಇದ್ದರೆ 25 ತಿನ್ನುತ್ತೀರಿ. ಅಂದರೆ ಕೊನೆಯ 25 ಸೇರಿಸಿದ್ದಕ್ಕೆ ಪೆಟ್ಟು ಅರ್ಧಕ್ಕೆ ಇಳಿಯಿತು! ಮೊದಲ 25 ಹಾಕಿದಾಗ ನೂರು 75ಕ್ಕೆ ಇಳಿದಿತ್ತು ಅಷ್ಟೇ. ಹಾಗಾಗಿ "50 ಇದೆಯಲ್ಲ, ಸಾಕು" ಅನ್ನಬೇಡಿ, ಮಿತಿ ಮುಟ್ಟುವ ತನಕ ಹೋಗಿ. ಡಯಾಬ್ಲೊ 2ರ ಹೆಲ್ ಅನ್ನುವ ಅತಿ ಕಷ್ಟದ ಹಂತಕ್ಕೆ ಕಾಲಿಟ್ಟ ಕೂಡಲೇ ಗೇಮ್ ನಿಮ್ಮ ರೆಸಿಸ್ಟೆನ್ಸ್‌ನಿಂದ 100 ಕಳೆದುಬಿಡುತ್ತದೆ. ಅಲ್ಲಿಯ ತನಕ ಚೆನ್ನಾಗಿ ಓಡುತ್ತಿದ್ದ ಪಾತ್ರ ಇದ್ದಕ್ಕಿದ್ದಂತೆ ಒಂದೇ ಮಿಂಚಿಗೆ ಸಾಯುವುದು ಇದಕ್ಕೇ. ಕೈ ತಪ್ಪಿದ್ದಲ್ಲ, ಲೆಕ್ಕ ತಪ್ಪಿದ್ದು.

ಎರಡನೆಯದು ಕೂಡುವ ಬಲ, ಗುಣಿಸುವ ಬಲ. ಪಾತ್ ಆಫ್ ಎಕ್ಸೈಲ್ ಇದಕ್ಕೆ ಎರಡು ಬೇರೆ ಪದ ಇಟ್ಟಿದೆ: ಇನ್‌ಕ್ರೀಸ್ಡ್ ಅಂದರೆ ಎಲ್ಲವನ್ನೂ ಒಟ್ಟು ಕೂಡಿಸಿ ಹಾಕುವುದು, ಮೋರ್ ಅಂದರೆ ಕೊನೆಗೆ ಗುಣಿಸುವುದು. ನಿಮ್ಮ ಮೂಲ ಪೆಟ್ಟು 100, ಈಗಾಗಲೇ 200 ಪರ್ಸೆಂಟ್ ಇನ್‌ಕ್ರೀಸ್ಡ್ ಇದೆ, ಒಟ್ಟು 300. ಈಗ ಎರಡು ಸಾಮಾನು ಸಿಕ್ಕಿತು, ಒಂದರಲ್ಲಿ 60 ಇನ್‌ಕ್ರೀಸ್ಡ್, ಇನ್ನೊಂದರಲ್ಲಿ 30 ಮೋರ್. ನೋಡಲು 60 ದೊಡ್ಡದು. ಆದರೆ ಅದನ್ನು ಹಾಕಿದರೆ 360, ಇದನ್ನು ಹಾಕಿದರೆ 390. ಬೇರೆ ಗೇಮ್‌ಗಳಲ್ಲಿ ಪದ ಬೇರೆ ಇರಬಹುದು, ಹಿಂದಿರುವ ಲೆಕ್ಕ ಹೆಚ್ಚುಕಡಿಮೆ ಇದೇ. ಒಂದೇ ಥರದ ಬಲವನ್ನು ಪೇರಿಸುವುದಕ್ಕಿಂತ ಬೇರೆ ಬೇರೆ ಥರದ್ದನ್ನು ಸೇರಿಸಿ.

ಮೂರನೆಯದು, ಎಲ್ಲಿ ನಿಲ್ಲಿಸಬೇಕು ಅನ್ನುವುದು. ಎಲ್ಡನ್ ರಿಂಗ್‌ನಲ್ಲಿ ಜೀವ ಹೆಚ್ಚಿಸುವ ವಿಗರ್ ಅನ್ನೇ ತಗೊಳ್ಳಿ. 40ರಲ್ಲಿ 1,450 ಜೀವ, 60ರಲ್ಲಿ 1,900. ಇಪ್ಪತ್ತು ಪಾಯಿಂಟ್‌ಗೆ 450 ಸಿಕ್ಕಿತು. 60ರಿಂದ 99ಕ್ಕೆ ಹೋದರೆ 39 ಪಾಯಿಂಟ್ ಸುರಿದೂ ಸಿಗುವುದು 200 ಮಾತ್ರ. ಬೆಟ್ಟ ಅಗೆದು ಇಲಿ ಹಿಡಿದ ಹಾಗೆ. ಶುರುವಿನಲ್ಲಿ ಜೀವಕ್ಕೆ ಧಾರಾಳವಾಗಿ ಹಾಕಿ, 60 ಮುಟ್ಟಿದ ಮೇಲೆ ಕೈ ಎತ್ತಿಬಿಡಿ. ಇದೇ ಗೇಮ್‌ನಲ್ಲಿ ಶುರುವಿನ ಗಂಟೆಗಳಲ್ಲಿ ಬಲದ ಪಾಯಿಂಟ್ ಏರಿಸುವುದಕ್ಕಿಂತ ಸ್ಮಿತಿಂಗ್ ಸ್ಟೋನ್ ಹುಡುಕಿ ಆಯುಧ ಗಟ್ಟಿಮಾಡಿದರೆ ಲಾಭ ಜಾಸ್ತಿ. ಸುಮಾರು ಜನ ಇದನ್ನು ಬಹಳ ತಡವಾಗಿ ತಿಳಿಯುತ್ತಾರೆ.

ಹೆಜ್ಜೆ 6: ಒಂದನ್ನು ಹಿಡಿದು ಬಿಲ್ಡ್ ಕಟ್ಟಿ

ಬಿಲ್ಡ್ ಅಂದರೆ ಪಾತ್ರಕ್ಕೆ ನೀವು ಆರಿಸಿದ ಸ್ಕಿಲ್, ಪಾಯಿಂಟ್, ಸಾಮಾನುಗಳ ಜೋಡಣೆ. ಎಲ್ಲಾ ಸ್ಕಿಲ್‌ಗೂ ಒಂದೊಂದು ಪಾಯಿಂಟ್ ಹಂಚಬೇಡಿ. ಮುಖ್ಯವಾಗಿ ಹೊಡೆಯುವ ಸ್ಕಿಲ್ ಒಂದು, ತಪ್ಪಿಸಿಕೊಳ್ಳುವುದು ಒಂದು, ಜೀವ ಉಳಿಸುವುದು ಒಂದು. ಇಷ್ಟು ಆರಿಸಿ, ಸಿಗುವ ಪ್ರತಿ ಸಾಮಾನನ್ನೂ "ಇದು ಆ ಒಂದು ಸ್ಕಿಲ್‌ಗೆ ಏನು ಕೊಡುತ್ತದೆ?" ಅಂತ ಕೇಳಿ ನೋಡಿ. ತಪ್ಪಾದರೆ ಚಿಂತೆ ಇಲ್ಲ. ಡಯಾಬ್ಲೊ 2ರಲ್ಲಿ ಒಮ್ಮೆ ಹಾಕಿದ ಪಾಯಿಂಟ್ ಹಿಂದೆ ತೆಗೆಯಲು 2010ರ ತನಕ ದಾರಿಯೇ ಇರಲಿಲ್ಲ. ಹತ್ತು ವರ್ಷ ಜನ ತಪ್ಪಾದ ಪಾತ್ರವನ್ನು ಬಿಸಾಕಿ ಹೊಸದು ಶುರುಮಾಡುತ್ತಿದ್ದರು. ಈಗಿನ ಹೆಚ್ಚಿನ ಗೇಮ್‌ಗಳಲ್ಲಿ ಬದಲಾಯಿಸಬಹುದು, ಧೈರ್ಯವಾಗಿ ಪ್ರಯೋಗ ಮಾಡಿ.

ಬೇರೆಯವರು ಬರೆದಿಟ್ಟ ಬಿಲ್ಡ್ ನೋಡಿ ಆಡಬಹುದಾ? ಧಾರಾಳವಾಗಿ. ಆದರೆ ಮೊದಲ ಪಾತ್ರವನ್ನು ನಿಮ್ಮ ಬುದ್ಧಿಯಿಂದಲೇ ಕಟ್ಟಿ, ಎಲ್ಲಿ ಎಡವುತ್ತೀರೋ ಅಲ್ಲಿ ಹೋಗಿ ಓದಿ. ಆಗ ಓದಿದ್ದು ತಲೆಗೆ ಹತ್ತುತ್ತದೆ.

ಹೆಜ್ಜೆ 7: ನೆಲದ ಮೇಲೆ ಬಿದ್ದದ್ದನ್ನೆಲ್ಲ ಎತ್ತಬೇಡಿ

ಡಯಾಬ್ಲೊ 2ರಲ್ಲಿ ಬಿಳಿ ಸಾದಾ, ನೀಲಿ ಮಂತ್ರದ್ದು, ಹಳದಿ ಅಪರೂಪದ್ದು, ಹಸಿರು ಜೋಡಿ ಸೆಟ್, ಚಿನ್ನದ ಬಣ್ಣ ತನ್ನದೇ ಹೆಸರಿರುವ ವಿಶೇಷದ್ದು. ಆಮೇಲೆ ಬಂದ ಎಷ್ಟೋ ಗೇಮ್‌ಗಳು, 2009ರ ಬಾರ್ಡರ್‌ಲ್ಯಾಂಡ್ಸ್‌ನಂಥ ಬಂದೂಕಿನ ಗೇಮ್ ಕೂಡ, ಬಣ್ಣದಿಂದ ಬೆಲೆ ಹೇಳುವ ಇದೇ ಉಪಾಯ ಹಿಡಿದವು. ಆದರೆ ಬಣ್ಣ ನೋಡಿ ಮೋಸ ಹೋಗಬೇಡಿ, ನಿಮ್ಮ ಬಿಲ್ಡ್‌ಗೆ ಸರಿಹೊಂದುವ ಹಳದಿ ಎಷ್ಟೋ ಸಲ ಸರಿಹೊಂದದ ಚಿನ್ನಕ್ಕಿಂತ ಮೇಲು. ಬೇಡದ ಸಾಮಾನು ಕಣ್ಣಿಗೆ ಬೀಳದಂತೆ ಮಾಡುವ ಲೂಟ್ ಫಿಲ್ಟರ್ ಇದ್ದರೆ ಹಾಕಿಕೊಳ್ಳಿ. ಟಾರ್ಚ್‌ಲೈಟ್‌ನಲ್ಲಿ ಬೇಡದ ಸಾಮಾನನ್ನು ನಿಮ್ಮ ಸಾಕುಪ್ರಾಣಿಯ ಬೆನ್ನಿಗೆ ಹೊರಿಸಿ ಕಳಿಸಿದರೆ ಅದೇ ಊರಿಗೆ ಹೋಗಿ ಮಾರಿ ಬರುತ್ತದೆ. ಇಡೀ ಜಾತಿಯಲ್ಲಿ ನನಗೆ ತುಂಬ ಇಷ್ಟವಾದ ಏರ್ಪಾಡುಗಳಲ್ಲಿ ಇದೂ ಒಂದು.

ಹೆಜ್ಜೆ 8: ಸಿಕ್ಕಿಹಾಕಿಕೊಂಡಾಗ

ಒಂದೇ ಕಡೆ ಹತ್ತು ಸಲ ಸತ್ತರೆ ನಿಲ್ಲಿಸಿ ಯೋಚಿಸಿ. ಸತ್ತದ್ದು ಹೇಗೆ? ಪೆಟ್ಟು ಬರುವುದು ಕಂಡಿತ್ತು, ಆದರೂ ತಪ್ಪಿಸಲಾಗಲಿಲ್ಲ ಅಂದರೆ ಅದು ಕೈ. ಹೊಡೆಯದ ನಿಮಿಷಕ್ಕೆ ವಾಪಸ್ ಹೋಗಿ. ಎಲ್ಲಾ ಸರಿಯಾಗಿ ಮಾಡಿಯೂ ಒಂದೇ ಪೆಟ್ಟಿಗೆ ಸತ್ತಿರಿ, ಅಥವಾ ಐದು ನಿಮಿಷ ಹೊಡೆದರೂ ಬಾಸ್‌ನ ಜೀವ ಇಳಿಯುತ್ತಿಲ್ಲ ಅಂದರೆ ಅದು ಲೆಕ್ಕ. ಬೇರೆ ಕಡೆ ಹೋಗಿ ಆಯುಧ, ರೆಸಿಸ್ಟೆನ್ಸ್, ಲೆವೆಲ್ ನೋಡಿಕೊಂಡು ಬನ್ನಿ. ಏನಾಯಿತು ಅಂತಲೇ ಗೊತ್ತಾಗಲಿಲ್ಲವಾ? ಹಾಗಾದರೆ ಕ್ಯಾಮೆರಾ ತಪ್ಪಿರುತ್ತದೆ ಅಥವಾ ಸುತ್ತ ಶತ್ರುಗಳು ಜಾಸ್ತಿ ಇರುತ್ತಾರೆ. ಗೋಡೆಯಿಂದ ದೂರ ನಿಲ್ಲಿ, ಒಬ್ಬೊಬ್ಬರನ್ನೇ ಆಚೆ ಎಳೆದು ಹೊಡೆಯಿರಿ.

ಸೋಲ್ಸ್ ಥರದ ಗೇಮ್‌ಗಳಲ್ಲಿ ಸತ್ತರೆ ಶತ್ರುಗಳನ್ನು ಕೊಂದು ಗಳಿಸಿ ಇನ್ನೂ ಖರ್ಚು ಮಾಡದೆ ಇಟ್ಟುಕೊಂಡ ಹಣವೆಲ್ಲ ಅಲ್ಲೇ ಬೀಳುತ್ತದೆ, ಅದನ್ನು ಎತ್ತುವ ಮೊದಲು ಮತ್ತೆ ಸತ್ತರೆ ಹೋದದ್ದು ಹೋಯಿತು. ಆದ್ದರಿಂದ ಹೊಸ ಬಾಸ್ ಬಾಗಿಲು ತೆರೆಯುವ ಮೊದಲು ಕೈಲಿರುವುದನ್ನೆಲ್ಲ ಖರ್ಚು ಮಾಡಿ. ಕಳೆದುಕೊಳ್ಳಲು ಏನೂ ಇಲ್ಲದಿದ್ದರೆ ಕೈ ನಡುಗುವುದಿಲ್ಲ. ಸಹಾಯಕ್ಕೆ ಬೇರೆ ಆಟಗಾರರನ್ನೋ ಆತ್ಮಗಳನ್ನೋ ಕರೆಯುವ ದಾರಿ ಇದ್ದರೆ ನಾಚಿಕೆ ಇಲ್ಲದೆ ಕರೆಯಿರಿ, ಗೇಮ್ ಮಾಡಿದವರೇ ಅದನ್ನು ನಿಮಗಾಗಿ ಇಟ್ಟದ್ದು.

ಮೊದಲ ಗೇಮ್ ಮುಗಿದ ಮೇಲೆ ಎದುರು ತುದಿಯದ್ದನ್ನು ಹಿಡಿಯಿರಿ. ಎಲ್ಡನ್ ರಿಂಗ್‌ನಿಂದ ಗ್ರಿಮ್ ಡಾನ್‌ಗೆ ಹೋದವರು ಶುರುವಿನಲ್ಲಿ ಒಬ್ಬೊಬ್ಬ ಶತ್ರುವನ್ನೂ ಸುತ್ತುಹಾಕಿ ಸಮಯ ಕಳೆಯುತ್ತಾರೆ. ಅಲ್ಲಿ ಗುಂಪಿನ ಮಧ್ಯಕ್ಕೇ ನುಗ್ಗಿ. ಆ ಕಡೆಯಿಂದ ಈ ಕಡೆ ಬಂದವರ ಬೆರಳು ಹೊಡೆಯುವ ಬಟನ್ ಮೇಲೇ ಅಂಟಿಕೊಂಡಿರುತ್ತದೆ. ಮೊದಲ ದಿನ ಅದನ್ನು ಎತ್ತಿ ರೋಲ್ ಬಟನ್ ಮೇಲೆ ಇಟ್ಟುಕೊಳ್ಳಿ.